ಕೋವಿಯ ತುಕ್ಕು: ಯಾವ ಲೇಪ ಮೇಲು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ನಮ್ಮ ತರಗತಿಯ ಕೊಡಗಿನ ವಿದ್ಯಾರ್ಥಿಯೊಬ್ಬ ಪಾಠ ಮುಗಿದ ಮೇಲೆ ಬಳಿಗೆ ಬಂದು ಒಂದು ಪ್ರಶ್ನೆ ಕೇಳಿದ. ಅವನ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಕೋವಿಯೊಂದುಂಟು. ಕೈಲ್‌ಪೊಳ್ದ್ ಹಬ್ಬಕ್ಕೆಂದು ಅದನ್ನು ಹೊರತೆಗೆದಾಗ, ಎಣ್ಣೆ ಹಚ್ಚಿಯೇ ಇಟ್ಟಿದ್ದ ನಳಿಗೆಯ ಮೇಲೆ ನಾಲ್ಕು ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಮುಂದಿನ ಮಳೆಗಾಲಕ್ಕೆ ತೆಂಗಿನೆಣ್ಣೆಯೇ ಸಾಕೆಂದು ತಂದೆಯವರ ಮತ. ಗ್ರೀಸು ಬಳಿಯಬೇಕೆಂದು ಚಿಕ್ಕಪ್ಪನ ಮತ. ಅಂಗಡಿಯವನಾದರೋ ತುಂತುರು ಡಬ್ಬಿಯೊಂದನ್ನು ಮುಂದಿಟ್ಟಿದ್ದಾನೆ. "ಸಾರ್, ಇವುಗಳಲ್ಲಿ ಯಾವುದು ಮೇಲು?" ಎಂಬುದು ಅವನ ಪ್ರಶ್ನೆ.

ಪ್ರಶ್ನೆ ಚಿಕ್ಕದಾದರೂ ವಿಷಯ ಚಿಕ್ಕದಲ್ಲ. ಕೊಡವ ಮನೆತನಗಳಲ್ಲಿ ಕೋವಿಗೆ ಪೂಜಾರ್ಹವಾದ ಸ್ಥಾನವುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕುಗಳ ಮಟ್ಟಿಗೆ ಇರುವ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ನಾಟಿಯ ದಿನಗಳಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿರಿಸಿ, ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನ ಆದಿಯಲ್ಲಿ ಬರುವ ಕೈಲ್‌ಪೊಳ್ದ್‌ನಂದು ಹೊರತೆಗೆದು, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುವುದು ಅಲ್ಲಿನ ಸಂಪ್ರದಾಯ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದು. ಅದರ ಬಹುಪಾಲು ಬೀಳುವ ವಾರಗಳಲ್ಲಿಯೇ ಕೋವಿಯು ಕೈ ಸೋಕದೆ ಒಂದೆಡೆ ನಿಂತಿರುವುದು. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಸಮಯ ಬೇಕೆ?

ತುಕ್ಕಿನಿಂದ ಕೆಡುವುದು ಅಂದವೊಂದೇ ಅಲ್ಲ. ಗುಂಡು ಹಾರಿದಾಗ ನಳಿಗೆಯ ಒಳಗೆ ವಾಯುಮಂಡಲದ ಒತ್ತಡದ ನೂರಾರು ಮಡಿ ಒತ್ತಡವುಂಟಾಗುತ್ತದೆ. ತುಕ್ಕು ಕೊರೆದ ಗುಳಿಗಳಿಂದ ತೆಳುವಾದ ನಳಿಗೆಯು ಇದನ್ನು ತಡೆಯದೆ ಸೀಳಿದರೆ, ಅದನ್ನು ಹಿಡಿದವನ ಕೈ ಕಣ್ಣುಗಳಿಗೇ ಅಪಾಯ. ಆದುದರಿಂದ ಈ ಪ್ರಶ್ನೆಯನ್ನು ಸಾವಧಾನವಾಗಿ ಪರಿಶೀಲಿಸೋಣ.

೧. ತುಕ್ಕು ಹಿಡಿಯುವ ಬಗೆ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಆಮ್ಲಜನಕ ಮತ್ತು ನೀರು ಎರಡೂ ಬೇಕೆಂಬುದನ್ನು ವಾಚಕರು ಶಾಲೆಯಲ್ಲಿಯೇ ಕಲಿತಿರುವರು. ಆದರೆ ಅದು ಹಿಡಿಯುವ ಕ್ರಮವನ್ನು ನೋಡಿದರೆ, ಇದೊಂದು ಪುಟ್ಟ ವಿದ್ಯುತ್ಕೋಶದ ಕೆಲಸವೆಂದು ತಿಳಿಯುವುದು. ಕೇಂಬ್ರಿಜ್ಜಿನ ಯು. ಆರ್. ಎವಾನ್ಸ್ ಎಂಬ ವಿಜ್ಞಾನಿ ೧೯೨೦ರ ದಶಕದಲ್ಲಿ ಇದನ್ನು ಒಂದೇ ಒಂದು ಹನಿ ಉಪ್ಪುನೀರಿನಿಂದ ತೋರಿಸಿಕೊಟ್ಟರು. ಉಜ್ಜಿ ಹೊಳಪಿಸಿದ ಉಕ್ಕಿನ ಮೇಲೆ ಅಂಥ ಹನಿಯೊಂದನ್ನು ಇಟ್ಟರೆ, ಅದರ ಅಂಚಿಗೆ ಗಾಳಿಯಿಂದ ಆಮ್ಲಜನಕ ಧಾರಾಳವಾಗಿ ಸೇರುತ್ತದೆ. ನಡುವಿಗೆ ಸುಲಭವಾಗಿ ತಲುಪದು. ನಡುವಿನಲ್ಲಿ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗಿನಿಂದಲೇ ಅಂಚಿಗೆ ಹರಿದು, ಅಲ್ಲಿನ ನೀರು ಮತ್ತು ಆಮ್ಲಜನಕಗಳೊಡನೆ ಕೂಡಿ ಹೈಡ್ರಾಕ್ಸಿಲ್ ಅಯಾನುಗಳನ್ನು ಉಂಟುಮಾಡುತ್ತವೆ. ಇವೆರಡೂ ಸಂಧಿಸುವ ನಡುದಾರಿಯಲ್ಲಿ ಕಂದುಬಣ್ಣದ ಬಳೆಯೊಂದು ಮೂಡುವುದು. ಅದೇ ತುಕ್ಕು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ತುಕ್ಕು ಕಾಣಿಸುವ ಸ್ಥಳಕ್ಕಿಂತ ಕಬ್ಬಿಣ ಕರಗುವ ಸ್ಥಳ ಬೇರೆ. ಹನಿಯ ನಡುವೆ, ಕಣ್ಣಿಗೆ ಬೀಳದಂತೆ, ಗುಳಿ ಬೀಳುತ್ತಿರುತ್ತದೆ. ಎರಡನೆಯದಾಗಿ, ಈ ಕೋಶವು ಚೆನ್ನಾಗಿ ನಡೆಯಬೇಕಾದರೆ ನೀರು ವಿದ್ಯುತ್ತನ್ನು ಹರಿಯಗೊಡಬೇಕು. ಶುದ್ಧವಾದ ನೀರಿಗೆ ಆ ಶಕ್ತಿ ಬಹಳ ಕಡಿಮೆ. ಲೇಶ ಉಪ್ಪು ಬೆರೆತೊಡನೆ ಅದು ಹಲವು ಮಡಿ ಹೆಚ್ಚುವುದು. ಆದುದರಿಂದ ಉಪ್ಪು ತುಕ್ಕಿನ ಪರಮ ಮಿತ್ರ.

ಅಲ್ಯುಮಿನಿಯಮಿನ ಮೇಲೆ ಹುಟ್ಟುವ ಆಕ್ಸೈಡಿನ ಪೊರೆ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಅದನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ತಾನು ಹುಟ್ಟಿದ ಲೋಹಕ್ಕಿಂತ ಅದರ ಗಾತ್ರ ಎರಡು ಪಟ್ಟಿಗೂ ಮಿಗಿಲು. ಆದಕಾರಣ ಅದು ಉಬ್ಬಿ, ಬಿರಿದು, ಹಕ್ಕಳೆಯಾಗಿ ಏಳುತ್ತದೆ. ಆ ಬಿರುಕುಗಳಲ್ಲಿ ತೇವ ನಿಂತು ಒಳಗಿನ ಲೋಹವನ್ನು ತಿನ್ನುತ್ತ ಹೋಗುವುದು.

೨. ಎಣ್ಣೆ ಗೋಡೆಯಲ್ಲ

ಎಣ್ಣೆ ಹಚ್ಚಿದರೆ ಗಾಳಿ ನೀರುಗಳು ಲೋಹವನ್ನು ಮುಟ್ಟಲಾರವೆಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ ಮಾತ್ರ. ಆಮ್ಲಜನಕವು ನೀರಿನಲ್ಲಿ ಕರಗುವುದಕ್ಕಿಂತ ಖನಿಜ ತೈಲದಲ್ಲಿಯೇ ಹೆಚ್ಚಾಗಿ ಕರಗುತ್ತದೆ. ನೀರಿನ ಆವಿಯೂ ತೆಳುವಾದ ಎಣ್ಣೆಯ ಪೊರೆಯನ್ನು ಮೆಲ್ಲಗೆ ಹಾಯ್ದು ಹೋಗಬಲ್ಲುದು. ಇನ್ನು ದ್ರವರೂಪದ ನೀರಿನ ಮಾತು ಹೇಳುವುದೇ ಬೇಡ. ಅದು ಎಣ್ಣೆಗಿಂತ ಭಾರವಾದುದರಿಂದ, ಎಣ್ಣೆ ಸವರಿದ ತಗಡಿನ ಮೇಲೆ ಬಿದ್ದ ಹನಿಯು ಕ್ರಮೇಣ ಎಣ್ಣೆಯನ್ನು ಅತ್ತಿತ್ತ ಸರಿಸಿ ಲೋಹದ ಮೇಲೆಯೇ ಕೂರಲು ಹವಣಿಸುತ್ತದೆ. ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಮೇಲೊಂದು ಹನಿ ನೀರು ಬಿಟ್ಟರೆ ಯಾರಾದರೂ ಇದನ್ನು ನೋಡಬಹುದು.

ಹಾಗಾದರೆ ಒಳ್ಳೆಯ ಕೋವಿ ಎಣ್ಣೆ ರಕ್ಷಿಸುವುದು ಹೇಗೆ? ಅದರ ಮರ್ಮ ಎಣ್ಣೆಯಲ್ಲಿಲ್ಲ, ಎಣ್ಣೆಯಲ್ಲಿ ಬೆರೆಸಿರುವ ಅಲ್ಪಪ್ರಮಾಣದ ತುಕ್ಕುರೋಧಕಗಳಲ್ಲಿದೆ. ಸಲ್ಫೊನೇಟ್ ಎಂಬ ಲವಣಗಳು, ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಮುಂತಾದುವು ಇಂಥವು. ಇವುಗಳ ಅಣುವಿಗೆ ಒಂದು ತಲೆ, ಒಂದು ಬಾಲವಿದೆಯೆಂದು ಭಾವಿಸಬಹುದು. ತಲೆಯಲ್ಲಿ ವಿದ್ಯುದಂಶ ಹಂಚಿಹೋಗಿರುವುದರಿಂದ ಅದು ಲೋಹಕ್ಕೆ ಅಂಟುತ್ತದೆ. ಎಣ್ಣೆಯ ಜಾತಿಯದೇ ಆದ ಬಾಲ ಹೊರಕ್ಕೆ ಚಾಚಿಕೊಳ್ಳುತ್ತದೆ. ಗದ್ದೆಯಲ್ಲಿ ಒತ್ತಾಗಿ ನಾಟಿಮಾಡಿದ ಪೈರಿನಂತೆ ಇವು ಲೋಹದ ಮೈಯನ್ನು ತುಂಬಿ ನಿಂತಾಗ, ನೀರಿಗೆ ಅಲ್ಲಿ ಕೂರಲು ಎಡೆಯಿರುವುದಿಲ್ಲ.

ಈಗ ಆ ಬೆರಳ ಗುರುತಿನ ರಹಸ್ಯ ತಿಳಿಯುವುದು. ಬೆವರಿನಲ್ಲಿ ಅಡಿಗೆಯ ಉಪ್ಪೇ ಇದೆ. ಯಾರೋ ಕೋವಿಯನ್ನು ಹಿಡಿದೆತ್ತಿ, ಅದರ ಮೇಲೆಯೇ ಎಣ್ಣೆ ಸವರಿ ಇಟ್ಟಿದ್ದಾರೆ. ಉಪ್ಪು ಎಣ್ಣೆಯಲ್ಲಿ ಕರಗದು. ಪೊರೆಯ ಕೆಳಗೆ ಹಾಗೆಯೇ ಉಳಿಯಿತು. ಗಾಳಿಯ ಸಾಪೇಕ್ಷ ಆರ್ದ್ರತೆಯು ಸುಮಾರು ೭೫ ಪ್ರತಿಶತ ದಾಟಿದಾಗ ಈ ಉಪ್ಪು ತಾನೇ ತೇವವನ್ನು ಹೀರಿ ಕರಗುವುದು. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದೂ ಇಂಥದೇ ಕ್ರಿಯೆ. ಎಣ್ಣೆಯನ್ನು ಹಾಯ್ದು ಬಂದ ಆವಿಯನ್ನು ಕುಡಿದ ಉಪ್ಪು ಅಲ್ಲಲ್ಲಿ ಎವಾನ್ಸರ ಹನಿಗಳನ್ನೇ ನಿರ್ಮಿಸಿತು. ಎಣ್ಣೆಯು ಉಪ್ಪನ್ನು ತೆಗೆಯಲಿಲ್ಲ, ಮುಚ್ಚಿತು ಅಷ್ಟೆ.

೩. ಮದ್ದಿನ ಉಪ್ಪು

ಹೊರಗಿನ ಬೆವರಿಗಿಂತ ನಳಿಗೆಯೊಳಗಿನ ಉಪ್ಪು ಇನ್ನೂ ಕ್ರೂರವಾದುದು. ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗಳಲ್ಲಿ ಬಳಸುವ ಕರಿಮದ್ದು ಉರಿದ ಮೇಲೆ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್ ಮೊದಲಾದ ಲವಣಗಳು ಮಸಿಯೊಡನೆ ಉಳಿಯುತ್ತವೆ. ಇವುಗಳಲ್ಲಿ ಕಾರ್ಬೊನೇಟು ಸುಮಾರು ೪೩ ಪ್ರತಿಶತ ಆರ್ದ್ರತೆಯಲ್ಲಿಯೇ ನೀರೊಡೆಯುವುದರಿಂದ, ಬೇಸಗೆಯ ಗಾಳಿಯೂ ಅದಕ್ಕೆ ಸಾಕು. ಹಳೆಯ ಮಾದರಿಯ ಕೆಲವು ತೋಟಾಗಳ ತಳದಲ್ಲಿರುವ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದು, ಅದು ಉರಿದಾಗ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಇದು ಅಡಿಗೆಯ ಉಪ್ಪಿನ ಒಡಹುಟ್ಟು.

ಈ ಲವಣಗಳು ನೀರಿನಲ್ಲಿ ಕರಗುವವೇ ಹೊರತು ಎಣ್ಣೆಯಲ್ಲಾಗಲಿ ಸೀಮೆಎಣ್ಣೆಯಲ್ಲಾಗಲಿ ಕರಗುವುದಿಲ್ಲ. ಕೋವಿಯನ್ನು ತುಕ್ಕಿನಿಂದ ಉಳಿಸಲು ಮೊದಲು ಅದನ್ನು ನೀರಿನಿಂದ ತೊಳೆಯಬೇಕೆಂದರೆ ವಿಚಿತ್ರವೆನಿಸಬಹುದು, ಆದರೆ ಸತ್ಯ. ಮರದ ಹಿಡಿಯಿಂದ ಬಿಡಿಸಿದ ನಳಿಗೆಯ ಒಳಗೆ ಬಿಸಿನೀರು ಹಾಯಿಸಿದರೆ ಲವಣ ಕೊಚ್ಚಿಹೋಗುವುದು. ಲೋಹ ಬಿಸಿಯಾಗುವುದರಿಂದ ಉಳಿದ ತೇವವೂ ಬೇಗ ಆರುವುದು. ಒಣ ಬಟ್ಟೆಯಿಂದ ಒರಸಿ, ಪೂರಾ ಒಣಗಿತೆಂದು ಖಚಿತವಾದ ಕೂಡಲೆ ಎಣ್ಣೆ ಸವರತಕ್ಕದ್ದು. ಕ್ಲೋರೇಟಿಲ್ಲದ ಈಗಿನ ತೋಟಾಗಳನ್ನು ಮಾತ್ರ ಬಳಸುವವರಿಗೆ ಇಷ್ಟು ಕಟ್ಟುನಿಟ್ಟು ಬೇಡ. ಆದರೂ ಮಸಿಯನ್ನು ತೆಗೆಯಲೇಬೇಕು.

೪. ಲೇಪಗಳ ಗುಣಾವಗುಣ

ಮಾರುಕಟ್ಟೆಯ ನೂರು ಹೆಸರುಗಳಿಗೆ ಬೆದರಬೇಕಾಗಿಲ್ಲ. ಅವೆಲ್ಲವನ್ನೂ ಆರು ಪಂಗಡಗಳಲ್ಲಿ ಅಡಕಮಾಡಬಹುದು.

(ಅ) ಅಡಿಗೆಯ ಎಣ್ಣೆಗಳು: ತೆಂಗಿನೆಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲಗಳಿರುತ್ತವೆ, ಹಳತಾದಷ್ಟೂ ಅವು ಹೆಚ್ಚುತ್ತವೆ, ಲೋಹಕ್ಕೆ ಹಿತವಲ್ಲ. ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಮಡಿಕೇರಿಯ ಚಳಿಯಲ್ಲಿ ಕೋವಿಯ ಕೀಲು ಕಮಾನುಗಳು ಬಿಗಿಯುವುವು. ಅಗಸೆ ಎಣ್ಣೆಯಂಥವು ಗಾಳಿಯಲ್ಲಿ ಒಣಗಿ ಅಂಟಾಗುವುವು. ಅವು ಮರದ ಹಿಡಿಗೆ ಯೋಗ್ಯ, ಕೀಲುಗಳಿಗಲ್ಲ.

(ಆ) ಶುದ್ಧ ಖನಿಜ ತೈಲ: ಹೊಲಿಗೆಯಂತ್ರದ ಎಣ್ಣೆ ಇದಕ್ಕೆ ಉದಾಹರಣೆ. ಜಾರಿಕೆಗೆ ಒಳ್ಳೆಯದು, ಅಂಟಾಗದು. ಆದರೆ ರೋಧಕಗಳಿಲ್ಲದಿದ್ದರೆ ರಕ್ಷಣೆ ಅಲ್ಪ. ನಿಲ್ಲಿಸಿಟ್ಟ ನಳಿಗೆಯಿಂದ ಕೆಲವೇ ದಿನಗಳಲ್ಲಿ ಕೆಳಗಿಳಿದುಹೋಗುವುದು. ಮೋಟಾರು ಗಾಡಿಯಿಂದ ಬಸಿದ ಹಳೆಯ ಎಣ್ಣೆಯನ್ನು ಎಂದೂ ಬಳಸಬಾರದು. ಅದರಲ್ಲಿ ಇಂಧನ ಉರಿದು ಉಂಟಾದ ಆಮ್ಲಗಳಿರುತ್ತವೆ.

(ಇ) ರೋಧಕ ಬೆರೆಸಿದ ಕೋವಿ ಎಣ್ಣೆ: ಜರ್ಮನಿಯಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸೈನ್ಯಕ್ಕಾಗಿ ಸಿದ್ಧವಾದ ಬ್ಯಾಲಿಸ್ಟಾಲ್ ಮತ್ತು ಶುದ್ಧಿ, ಜಾರಿಕೆ, ರಕ್ಷಣೆ ಮೂರನ್ನೂ ಒಂದರಿಂದಲೇ ಸಾಧಿಸುವ ಉದ್ದೇಶದ ಈಚಿನ ಎಣ್ಣೆಗಳು ಈ ಪಂಗಡದವು. ಬ್ಯಾಲಿಸ್ಟಾಲ್ ನೀರಿನೊಡನೆ ಕೂಡಿ ಹಾಲಿನಂತೆ ಬೆಳ್ಳಗಾಗುವುದು. ಮರಕ್ಕೂ ಚರ್ಮಕ್ಕೂ ಅದು ಬಾಧಕವಲ್ಲ. ಆಗಾಗ ಕೈಗೆ ತೆಗೆದುಕೊಳ್ಳುವ ಕೋವಿಗೆ ಈ ಪಂಗಡವೇ ಅನುಕೂಲ.

(ಈ) ನೀರೋಡಿಸುವ ತುಂತುರು: ಡಬ್ಲ್ಯು.ಡಿ.-೪೦ ಇವುಗಳಲ್ಲಿ ಪ್ರಸಿದ್ಧ. ೧೯೫೩ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ರಾಕೆಟ್ ಕೆಮಿಕಲ್ ಕಂಪನಿಯು ಇದನ್ನು ರೂಪಿಸಿತು. ನೀರನ್ನು ಓಡಿಸುವ ಮಿಶ್ರಣಕ್ಕಾಗಿ ಮಾಡಿದ ನಲವತ್ತನೆಯ ಪ್ರಯತ್ನವೆಂಬುದೇ ಹೆಸರಿನ ಅರ್ಥ. ಅಟ್ಲಾಸ್ ಕ್ಷಿಪಣಿಯ ಹೊರಮೈಯ ರಕ್ಷಣೆ ಅದರ ಮೊದಲ ಉಪಯೋಗಗಳಲ್ಲೊಂದು. ಮಳೆಯಲ್ಲಿ ನೆನೆದು ಬಂದ ಕೋವಿಯ ಸಂದುಗಳಿಂದ ನೀರನ್ನು ಹೊರದೂಡಲು ಇದು ಬಹು ಸಮರ್ಥ. ಆದರೆ ಅದರ ಹೆಚ್ಚಿನ ಭಾಗ ಆರಿಹೋಗುವ ದ್ರಾವಕ; ಉಳಿಯುವ ಪೊರೆ ತೀರ ತೆಳುವು. ಇದನ್ನೊಂದೇ ಸಿಂಪಡಿಸಿ ಮೂರು ತಿಂಗಳು ನೆಮ್ಮದಿಯಿಂದಿರುವುದು ಜಾಣತನವಲ್ಲ.

(ಉ) ಗ್ರೀಸು, ವ್ಯಾಸಲೀನ್, ಲ್ಯಾನೊಲಿನ್: ಇವು ದಪ್ಪ ಪೊರೆಯವು, ಹರಿದುಹೋಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವು ರೈಫಲುಗಳನ್ನು ಕಾಸ್ಮೊಲೀನ್ ಎಂಬ ಮೇಣದಂಥ ಕಂದು ಲೇಪದಲ್ಲಿ ಮುಳುಗಿಸಿ ಸಮುದ್ರ ದಾಟಿಸಿತು. ರಕ್ಷಣೆಯಲ್ಲಿ ಇವು ಉತ್ತಮ. ಆದರೆ ಧೂಳನ್ನು ಹಿಡಿಯುತ್ತವೆ, ಕೀಲುಗಳನ್ನು ನಿಧಾನಗೊಳಿಸುತ್ತವೆ. ನಳಿಗೆಯೊಳಗೆ ಗ್ರೀಸು ಉಳಿದಿರುವಾಗ ಗುಂಡು ಹಾರಿಸಿದರೆ ಒತ್ತಡ ಮಿತಿಮೀರಿ ಅಪಘಾತವಾಗಬಹುದು.

(ಊ) ಮೇಣ: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಶಾಲೆಯಲ್ಲಿ ೧೯೫೦ರ ದಶಕದಲ್ಲಿ ರೂಪುಗೊಂಡ ರಿನೈಸಾನ್ಸ್ ಮೇಣವನ್ನು ವಸ್ತುಸಂಗ್ರಹಾಲಯಗಳು ಹಳೆಯ ಆಯುಧಗಳಿಗೂ ಬಳಸುತ್ತವೆ. ತೆಳುವಾಗಿ ಸವರಿ ಉಜ್ಜಿದರೆ ಒಣಪೊರೆಯಾಗುತ್ತದೆ. ಮುಟ್ಟಿದರೆ ಬೆವರು ಲೋಹಕ್ಕೆ ತಾಗದು. ನಳಿಗೆಯ ಹೊರಮೈಗೆ ಇದು ಒಪ್ಪುವುದು. ಒಳಮೈಗೂ ಕೀಲುಗಳಿಗೂ ಒಪ್ಪದು.

೫. ಹೋಲಿಸುವ ಬಗೆ

ಇನ್ನು ಮೂಲಪ್ರಶ್ನೆಗೆ ಬರೋಣ. ಯಾವುದು ಮೇಲು? ಜಾಹೀರಾತುಗಳು ತಮ್ಮ ಲೇಪವು ಉಪ್ಪುಮಂಜಿನಲ್ಲಿ ಇಷ್ಟು ಗಂಟೆ ಬಾಳಿತೆಂದು ಸಾರುವುದುಂಟು. ಈ ಪರೀಕ್ಷೆಯ ಕ್ರಮ ಅಮೆರಿಕದಲ್ಲಿ ೧೯೩೯ರಲ್ಲಿ ಮೊದಲು ಪ್ರಕಟವಾಯಿತು. ಈಗಿನ ಕ್ರಮದಂತೆ ೩೫ ಡಿಗ್ರಿ ಉಷ್ಣತೆಯ ಪೆಟ್ಟಿಗೆಯೊಳಗೆ ೫ ಪ್ರತಿಶತ ಉಪ್ಪುನೀರಿನ ಮಂಜನ್ನು ಎಡೆಬಿಡದೆ ಹಾಯಿಸುವರು. ಸಮುದ್ರದ ಮೇಲಿನ ಹಡಗಿನಲ್ಲಿ ಕೋವಿ ಇಡುವವನಿಗೆ ಈ ಅಂಕಿಯಿಂದ ಏನಾದರೂ ತಿಳಿಯಬಹುದು. ಮಡಿಕೇರಿಯ ಮನೆಯ ಮಂಜಿನಲ್ಲಿ ಕಡಲ ಉಪ್ಪಿಲ್ಲ. ಅಲ್ಲಿನ ಶತ್ರು ಇಬ್ಬನಿ ಮತ್ತು ಬೆವರು. ಪರೀಕ್ಷೆಯು ಬಳಕೆಯನ್ನು ಹೋಲದಿದ್ದರೆ ಅದರ ಫಲಿತಾಂಶವೂ ಬಳಕೆಗೆ ಬಾರದು.

ಆದುದರಿಂದ ವಾಚಕರು ತಾವೇ ಪರೀಕ್ಷಿಸಬಹುದಾದ ಒಂದು ಕ್ರಮವನ್ನು ಇಲ್ಲಿ ಸೂಚಿಸುತ್ತೇವೆ. ಇದಕ್ಕೆ ಕೋವಿಯ ಅಗತ್ಯವಿಲ್ಲ. ಸತುವಿನ ಲೇಪವಿಲ್ಲದ ಒಂದೇ ಉಕ್ಕಿನ ಹಾಳೆಯಿಂದ ೭ ಸೆಂಟಿಮೀಟರು ಚೌಕದ ತುಂಡುಗಳನ್ನು ಕತ್ತರಿಸಿರಿ. ಎಲ್ಲವನ್ನೂ ಒಂದೇ ಬಗೆಯ ಎಮರಿ ಕಾಗದದಿಂದ ಉಜ್ಜಿ, ಸೀಮೆಎಣ್ಣೆಯಿಂದಲೂ ಅನಂತರ ಸ್ಪಿರಿಟ್ಟಿನಿಂದಲೂ ತೊಳೆದು, ಚಿಮ್ಮಟದಿಂದಲೇ ಎತ್ತಿಡಿರಿ. ಮೊದಲ ಸಲ ಈ ಪ್ರಯೋಗ ಹೂಡಿದಾಗ ನಾವು ಬರಿಗೈಯಿಂದ ತುಂಡುಗಳನ್ನು ಜೋಡಿಸಿದೆವು. ಫಲವಾಗಿ ನಾವು ಅಳೆದದ್ದು ಎಣ್ಣೆಗಳ ಗುಣವನ್ನಲ್ಲ, ನಮ್ಮದೇ ಬೆವರಿನ ಗುಣವನ್ನು!

ಐದು ಲೇಪಗಳನ್ನು ಹೋಲಿಸುವುದಾದರೆ, ಏನೂ ಹಚ್ಚದ ತುಂಡನ್ನು ಆರನೆಯ ಬಗೆಯಾಗಿ ಸೇರಿಸಿಕೊಳ್ಳಬೇಕು. ಅದು ಇಲ್ಲದಿದ್ದರೆ ತುಕ್ಕು ಹಿಡಿಯದುದು ಲೇಪದ ಗುಣದಿಂದಲೋ ಗಾಳಿ ಒಣಗಿದ್ದುದರಿಂದಲೋ ತಿಳಿಯದು. ಪ್ರತಿಯೊಂದು ಬಗೆಗೂ ಮೂರು ತುಂಡುಗಳಿರಲಿ. ಲೇಪವನ್ನು ಹಚ್ಚಿದ ಮೇಲೆ ಒಂದು ದಿನ ತೂಗುಹಾಕಿ, ಹೆಚ್ಚಿನದು ಇಳಿದುಹೋಗಲು ಬಿಡಿರಿ. ಬಳಿಕ ಮೂರು ಪರೀಕ್ಷೆಗಳು. ಒಂದನೆಯದರಲ್ಲಿ, ತಳದಲ್ಲಿ ನೀರಿರುವ ಮುಚ್ಚಿದ ಗಾಜಿನ ಜಾಡಿಯೊಳಗೆ, ನೀರಿಗೆ ತಾಗದಂತೆ ತುಂಡುಗಳನ್ನು ತೂಗಿಬಿಟ್ಟು, ಹಗಲಿನ ಬೆಚ್ಚಗೆ ಇರುಳಿನ ತಂಪುಗಳಲ್ಲಿ ಇಬ್ಬನಿ ಕೂರಲು ಬಿಡುವುದು. ಎರಡನೆಯದರಲ್ಲಿ, ನೂರು ಮಿಲಿಲೀಟರು ನೀರಿಗೆ ಐದು ಗ್ರಾಂ ಉಪ್ಪು ಕರಗಿಸಿ ದಿನಕ್ಕೊಮ್ಮೆ ಸಿಂಪಡಿಸುವುದು. ಮೂರನೆಯದರಲ್ಲಿ, ತುಂಡನ್ನು ಮೊದಲು ನೀರಿನಲ್ಲಿ ಅದ್ದಿ, ಒರಸದೆ ಅದರ ಮೇಲೆಯೇ ಲೇಪ ಹಚ್ಚುವುದು. ಹೀಗೆ ಒಟ್ಟು ೫೪ ತುಂಡುಗಳು ಬೇಕಾಗುವುವು.

ಎಣಿಸಲು, ೫ ಮಿಲಿಮೀಟರಿನ ನೂರು ಚೌಕಗಳನ್ನು ಬರೆದ ಪಾರದರ್ಶಕ ಹಾಳೆಯನ್ನು ತುಂಡಿನ ನಡುವೆ ಇಟ್ಟು, ತುಕ್ಕು ಕಂಡ ಚೌಕಗಳನ್ನು ಲೆಕ್ಕ ಹಾಕಿದರೆ ಪ್ರತಿಶತವು ತಾನಾಗಿ ದೊರೆಯುವುದು. ಕತ್ತರಿಸಿದ ಅಂಚುಗಳಿಗೆ ತುಕ್ಕು ಬೇಗ ಹಿಡಿಯುವುದರಿಂದ ಅವನ್ನು ಲೆಕ್ಕಕ್ಕೆ ಸೇರಿಸಬಾರದು. ಎಣಿಸುವವನಿಗೆ ಯಾವ ತುಂಡಿಗೆ ಯಾವ ಲೇಪವೆಂದು ತಿಳಿದಿರಕೂಡದು; ತಾನು ದುಡ್ಡು ಕೊಟ್ಟು ತಂದ ಡಬ್ಬಿಯ ಮೇಲೆ ಯಾರಿಗಾದರೂ ಮಮತೆ ಇದ್ದೇ ಇರುತ್ತದೆ. ಕೊನೆಯದಾಗಿ, ಒಂದೇ ಲೇಪದ ಮೂರು ತುಂಡುಗಳ ನಡುವಣ ವ್ಯತ್ಯಾಸವೇ ಎರಡು ಲೇಪಗಳ ನಡುವಣ ವ್ಯತ್ಯಾಸದಷ್ಟು ಇದ್ದರೆ, ಒಂದನ್ನು ಮೇಲೆಂದು ಸಾರುವ ಅಧಿಕಾರ ನಮಗಿಲ್ಲ.

ಈ ಮೂರು ಪರೀಕ್ಷೆಗಳು ಮೂರು ಬೇರೆ ಪ್ರಶ್ನೆಗಳನ್ನು ಕೇಳುತ್ತವೆ. ಒಣ ಉಕ್ಕಿನ ಮೇಲೆ ದಪ್ಪ ಪೊರೆಯಿಂದ ಕಾಯುವ ಗ್ರೀಸು, ನೆನೆದ ಉಕ್ಕಿನ ಮೇಲೆ ನೀರನ್ನು ತನ್ನಡಿಯಲ್ಲಿಯೇ ಸೆರೆಹಿಡಿದುಬಿಡಬಹುದು. ನೆನೆದುದರ ಮೇಲೆ ಗೆಲ್ಲುವ ತುಂತುರು, ಕೆಲವು ವಾರಗಳ ಇಬ್ಬನಿಯ ಎದುರು ಸೋಲಬಹುದು. ಮೂರರಲ್ಲಿಯೂ ಒಂದೇ ಲೇಪ ಮೊದಲು ಬರಬೇಕೆಂಬ ನಿಯಮವಿಲ್ಲ.

೬. ಗಾಳಿಯನ್ನೇ ಒಣಗಿಸುವುದು

ಲೇಪದಷ್ಟೇ ಮುಖ್ಯವಾದುದು ಕೋವಿಯ ಸುತ್ತಣ ಗಾಳಿ. ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿ ೧೯೩೦ರ ದಶಕದಲ್ಲಿ ತೋರಿಸಿದಂತೆ, ಗಂಧಕದ ಹೊಗೆಯ ಲೇಶವಿರುವ ಗಾಳಿಯಲ್ಲಿ ಆರ್ದ್ರತೆಯು ಸುಮಾರು ೬೦ ಪ್ರತಿಶತ ದಾಟಿದೊಡನೆ ತುಕ್ಕಿನ ವೇಗ ಥಟ್ಟನೆ ಏರುತ್ತದೆ. ೨೦ ಡಿಗ್ರಿ ಉಷ್ಣತೆಯ, ೯೦ ಪ್ರತಿಶತ ಆರ್ದ್ರತೆಯ ಗಾಳಿಯನ್ನು ಕಪಾಟಿನೊಳಗೆ ೨೮ ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ೫೬ ಪ್ರತಿಶತಕ್ಕೆ ಇಳಿಯುವುದು. ಚಿಕ್ಕದೊಂದು ತಂತಿದೀಪವನ್ನು, ಮರಕ್ಕೂ ಬಟ್ಟೆಗೂ ತಾಗದಂತೆ, ಕಪಾಟಿನ ತಳದಲ್ಲಿ ಉರಿಸಿದರೆ ಈ ಕಾರ್ಯವಾಗುತ್ತದೆ. ಬಿಗಿಯಾಗಿ ಮುಚ್ಚುವ ಪೆಟ್ಟಿಗೆಯಾದರೆ ಸಿಲಿಕಾ ಜೆಲ್ ಸಾಕು. ಅದು ತೇವ ತುಂಬಿಕೊಂಡಾಗ ಕಾಯಿಸಿ ಮತ್ತೆ ಬಳಸಬೇಕು.

ಇನ್ನೊಂದು ಎಚ್ಚರಿಕೆ. ೨೫ ಡಿಗ್ರಿಯ, ೯೦ ಪ್ರತಿಶತ ಆರ್ದ್ರತೆಯ ಗಾಳಿಯ ಇಬ್ಬನಿ ಬಿಂದು ಸುಮಾರು ೨೩ ಡಿಗ್ರಿ. ಅಂದರೆ ಲೋಹವು ಗಾಳಿಗಿಂತ ಎರಡೇ ಡಿಗ್ರಿ ತಣ್ಣಗಿದ್ದರೂ ಅದರ ಮೇಲೆ ನೀರು ಕೂರುವುದು. ಹೊರಗಿನ ಚಳಿಯಿಂದ ಬೆಚ್ಚಗಿನ ಕೋಣೆಗೆ ತಂದ ಕೋವಿಯನ್ನು ಕೂಡಲೆ ಮುಚ್ಚಿಡದೆ, ಅದು ಕೋಣೆಯ ಉಷ್ಣತೆಗೆ ಬಂದ ಮೇಲೆ ಒರಸಿ ಎಣ್ಣೆ ಹಚ್ಚಬೇಕು. ಚರ್ಮದ ಚೀಲದಲ್ಲಿ ದೀರ್ಘಕಾಲ ಇಡುವುದೂ ಸಲ್ಲದು. ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ.

ನಮ್ಮ ವಿದ್ಯಾರ್ಥಿಗೆ ಕೊನೆಯಲ್ಲಿ ಹೇಳಿದ ಮಾತುಗಳಿವು. ಎಲ್ಲಕ್ಕೂ ಮೊದಲು, ಕೋವಿಯಲ್ಲಿ ತೋಟಾ ಇಲ್ಲವೆಂದು ಹಿರಿಯರ ಎದುರು ಎರಡು ಸಲ ನೋಡಿ ಖಚಿತಮಾಡಿಕೊಳ್ಳುವುದು. ಮಳೆಗೆ ಮುಂಚೆ ನಳಿಗೆಯ ಒಳಗನ್ನು ಉಪ್ಪು ಹೋಗುವಂತೆ ತೊಳೆದು, ಪೂರಾ ಒಣಗಿಸುವುದು. ಒಳಮೈಗೂ ಕೀಲುಗಳಿಗೂ ರೋಧಕ ಬೆರೆತ ಎಣ್ಣೆಯನ್ನು ತೆಳುವಾಗಿ, ಹೊರಮೈಗೆ ಮೇಣವನ್ನೋ ವ್ಯಾಸಲೀನನ್ನೋ ಶುಭ್ರವಾದ ಬಟ್ಟೆಯಿಂದ, ಬೆರಳು ತಾಗಿಸದೆ ಸವರುವುದು. ಎಣ್ಣೆಯಿಳಿದು ಮರದ ಹಿಡಿ ಮೆತ್ತಗಾಗದಂತೆ ನಳಿಗೆಯ ಬಾಯನ್ನು ಕೆಳಮುಖವಾಗಿಸಿ, ಬೀಗ ಹಾಕಿದ ಒಣಕಪಾಟಿನಲ್ಲಿರಿಸುವುದು. ಹದಿನೈದು ದಿನಗಳಿಗೊಮ್ಮೆ ತೆರೆದು ನೋಡುವುದು. ಹಬ್ಬದಂದು ಹೊರತೆಗೆದಾಗ, ಹಾರಿಸುವುದಕ್ಕೆ ಮೊದಲು ನಳಿಗೆಯೊಳಗಿನ ಎಣ್ಣೆಯನ್ನು ಪೂರಾ ಒರಸಿ, ಬೆಳಕಿಗೆ ಹಿಡಿದು ನೋಡುವುದು. ಗುಳಿ ಕಂಡರೆ, ಅನುಭವಸ್ಥನಾದ ಕೋವಿ ಕಮ್ಮಾರನು ಪರೀಕ್ಷಿಸಿ ಹೇಳುವವರೆಗೆ ಹಾರಿಸದಿರುವುದು.

ಇಷ್ಟನ್ನೂ ಕೇಳಿ ಅವನು, "ಹಾಗಾದರೆ ಅಪ್ಪ ಹೇಳಿದ್ದು ತಪ್ಪೇ, ಸಾರ್?" ಎಂದ. ತೆಂಗಿನೆಣ್ಣೆಯ ವಿಷಯದಲ್ಲಿ ತಪ್ಪು, ಆದರೆ ಅವರು ಹದಿನೈದು ದಿನಕ್ಕೊಮ್ಮೆ ಕೋವಿಯನ್ನು ತೆಗೆದು ಒರಸುವವರಾಗಿದ್ದರೆ ಅರ್ಧ ಕೆಲಸ ಅದರಿಂದಲೇ ಆಗುತ್ತಿತ್ತು ಎಂದೆವು. ಅಜ್ಜ ಹಾಗೆ ಮಾಡುತ್ತಿದ್ದರಂತೆ. ಅವರ ಕಾಲದಲ್ಲಿ ಆ ನಳಿಗೆಯ ಮೇಲೆ ತುಕ್ಕಿನ ಚುಕ್ಕೆಯೂ ಇರಲಿಲ್ಲವೆಂದು ಅವನು ಹೇಳಿದ.